ಥ್ಯಾಕರೆಗೆ ಯಾವ ಕೋಟು?

(ಬುಕ್ಕಾಂಬುಧಿಯ ಒಂದು ಹೊಲಿಗೆ ಅಂಗಡಿ. ಮಾತಾಡುವವರು ಇಬ್ಬರು: ಊರ ನಾಟಕಗಳಿಗೆ ಬಟ್ಟೆ ಹೊಲಿದುಕೊಂಡು ಬಂದ ದೊಡ್ಡಪ್ಪ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ತಮ್ಮನ ಮಗಳು. ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಕಿತ್ತೂರು ಚೆನ್ನಮ್ಮನ ನಾಟಕವಿದೆ.)

ದೊಡ್ಡಪ್ಪ: ಕೆಂಪು ಕೋಟು ತಾನೆ? ಅದಕ್ಯಾಕೆ ಇಷ್ಟು ತಲೆಬಿಸಿ? ಬೀರೂರು ಕಡೆಯ ಬ್ಯಾಂಡ್‌ಸೆಟ್‌ನವರು ಹೊಸ ಡ್ರೆಸ್ ಹೊಲಿಸಿಕೊಂಡಿದಾರೆ, ಹಳೇವೆಲ್ಲ ಗೋಣಿಚೀಲದಲ್ಲಿ ಬಿದ್ದಿವೆ. ಭುಜದ ಮೇಲೆ ಹಳದಿ ಕುಚ್ಚು, ಎದೆ ತುಂಬ ಜರಿಪಟ್ಟಿ. ಒಂದಕ್ಕೆ ನೂರು ರೂಪಾಯಿ ಅಂದ್ರೆ ಸಂತೋಷವಾಗಿ ಕೊಡ್ತಾರೆ. ಥ್ಯಾಕರೆಗೊಂದು, ಹಿಂದೆ ನಿಲ್ಲೋ ಸಿಪಾಯಿಗಳಿಗೆ ಎರಡು.

ಮಗಳು: ಸಿಪಾಯಿಗಳಿಗೆ ಆಗಬಹುದು ದೊಡ್ಡಪ್ಪ. ಥ್ಯಾಕರೆಗೆ ಬೇಡ. ಅವನು ಧಾರವಾಡದ ಕಲೆಕ್ಟರು, ದಂಡಿನವನಲ್ಲ. ಕಚೇರಿ ಮನುಷ್ಯ.

ದೊಡ್ಡಪ್ಪ: ನಾನು ನೋಡಿದ ನಾಟಕಗಳಲ್ಲೆಲ್ಲ ಕೆಂಪು ಕೋಟಲ್ಲೇ ಬಂದಿದಾನೆ. ತಲೆ ಮೇಲೆ ಬೆಂಡಿನ ಟೋಪಿ, ಕೈಯಲ್ಲಿ ಬೆತ್ತ, ಬಾಯಲ್ಲಿ ಮುರುಕು ಕನ್ನಡ.

ಮಗಳು: ಮುರುಕು ಕನ್ನಡ ಇರಲಿ, ಜನಕ್ಕೆ ಅದು ಬೇಕು. ಬೆಂಡಿನ ಟೋಪಿ ಮಾತ್ರ ಬಳಕೆಗೆ ಬಂದದ್ದು 1840ರ ಆಚೆಗೆ. ಖಾಕಿ ಬಂದದ್ದೂ ಆಗಲೇ. ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತದ್ದು 1824ರ ಅಕ್ಟೋಬರ್ 23ಕ್ಕೆ. ಇನ್ನೂ ಹುಟ್ಟದ ಟೋಪಿಯನ್ನ ಅವನ ತಲೆಗೆ ಹಾಕಿ ಗುಂಡು ಹೊಡೆಸ್ತಾ ಬಂದಿದೀವಿ.

ದೊಡ್ಡಪ್ಪ: ಗುಂಡು ಹೊಡೆದವನು ಅಮಟೂರು ಬಾಳಪ್ಪ ಅನ್ನೋದಾದ್ರೂ ಸರಿ ತಾನೆ? ಅದನ್ನೂ ಬದಲಾಯಿಸಬೇಡ, ಆ ಪಾತ್ರಕ್ಕೆ ನಮ್ಮ ಪಕ್ಕದ ಮನೆ ಹುಡುಗ ಮೀಸೆ ಬಿಟ್ಟುಕೊಂಡು ಕೂತಿದಾನೆ.

ಮಗಳು: ಬಾಳಪ್ಪನ ಮೀಸೆ ಇರಲಿ. ಥ್ಯಾಕರೆಯ ಮೀಸೆ ತೆಗೀಬೇಕು. ಆ ಕಾಲದ ಇಂಗ್ಲಿಷ್ ಸಾಹೇಬರು ಗಡ್ಡಮೀಸೆ ನುಣ್ಣಗೆ ಹೆರೆಸಿ, ಕಿವಿ ಪಕ್ಕದಲ್ಲಿ ಮಾತ್ರ ಕೆನ್ನೆಗೂದಲು ಇಳಿಬಿಡ್ತಿದ್ದರು.

ದೊಡ್ಡಪ್ಪ: ಅದು ಖರ್ಚಿಲ್ಲದ ಬಾಬತ್ತು. ಮತ್ತೆ ವಿಗ್ಗು? ಬೆಳ್ಳಗೆ ಸುರುಳಿ ಸುರುಳಿ ಇರ್ತದಲ್ಲ. ಶಿವಮೊಗ್ಗದಲ್ಲಿ ಬಾಡಿಗೆಗೆ ಸಿಗ್ತದೆ.

ಮಗಳು: ಅದೂ ಬೇಡ. ಕೂದಲಿಗೆ ಪುಡಿ ಹಾಕೋರ ಮೇಲೆ 1795ರಲ್ಲಿ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದರು. ಆವಾಗಿಂದ ಆ ಶೋಕಿ ಇಳಿದೇ ಹೋಯ್ತು. 1824ರ ಹೊತ್ತಿಗೆ ಸ್ವಂತ ಕೂದಲು, ಸ್ವಲ್ಪ ಮುಂದಕ್ಕೆ ಬಾಚಿದ್ದು. ವಿಗ್ಗಿನ ಬಾಡಿಗೆ ಉಳೀತು.

ದೊಡ್ಡಪ್ಪ: ನಿನ್ನ ಲೆಕ್ಕದಲ್ಲಿ ಟೋಪಿ ಇಲ್ಲ, ಮೀಸೆ ಇಲ್ಲ, ವಿಗ್ಗಿಲ್ಲ, ಕೆಂಪು ಕೋಟಿಲ್ಲ. ಸ್ಟೇಜಿಗೆ ಬರೋನು ಯಾರಮ್ಮ ಹಾಗಾದ್ರೆ?

ಮಗಳು: ಅದನ್ನ ಮಾಡಿಕೊಡಿ ಅಂತಲೇ ನಿಮ್ಮ ಹತ್ರ ಬಂದದ್ದು. ಹೆಡ್‌ಮಾಸ್ಟರು ಬಟ್ಟೆಗೆ ಎರಡು ಸಾವಿರ ಕೊಟ್ಟಿದಾರೆ. ರಾಣಿಯಿಂದ ಹಿಡಿದು ಕಹಳೆಯವನ ತನಕ ಎಲ್ಲರಿಗೂ ಸೇರಿಸಿ.

ದೊಡ್ಡಪ್ಪ: ಎರಡು ಸಾವಿರಕ್ಕೆ ಈಗ ಒಂದು ಸಫಾರಿ ಹೊಲಿಗೆ ಕೂಲಿ ಗಿಟ್ಟೋದು ಕಷ್ಟ. ಸರಿ ಹೇಳು, ಆ ಕಾಲದಲ್ಲಿ ಅವರ ಮೈಮೇಲೆ ಏನಿತ್ತು?

ಮಗಳು: ಮೂರನೇ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ, 1811ರಿಂದ ಅವನು ಸಾಯೋ 1820ರವರೆಗೆ ಮಗ ಪ್ರತಿನಿಧಿಯಾಗಿ ಆಳಿದ. ಅದನ್ನೇ ರೀಜೆನ್ಸಿ ಕಾಲ ಅಂತಾರೆ. ಈಗಿನ ಹುಡುಗಿಯರು ಮೊಬೈಲಲ್ಲಿ ನೋಡೋ 'ಬ್ರಿಡ್ಜರ್ಟನ್' ಸೀರಿಯಲ್ ಆ ಕಾಲದ್ದೇ. ಕಿತ್ತೂರಿನ ಗಲಾಟೆ ಅದಾದ ನಾಲ್ಕು ವರ್ಷಕ್ಕೆ. ಆದ್ರೆ ಹಡಗು ಆಫ್ರಿಕಾ ಸುತ್ತಿಕೊಂಡು ಬರೋಕೇ ಐದಾರು ತಿಂಗಳು ಹಿಡೀತಿತ್ತು. ಹೊಸ ಮೋಸ್ತರು ಧಾರವಾಡ ಮುಟ್ಟೋ ಹೊತ್ತಿಗೆ ಹಳತಾಗಿರ್ತಿತ್ತು. ಆದ್ದರಿಂದ ಥ್ಯಾಕರೆಗೆ ರೀಜೆನ್ಸಿ ಉಡುಪೇ ಹಾಕ್ತೀನಿ.

ದೊಡ್ಡಪ್ಪ: ಕಾಲ ಗೊತ್ತಾಯ್ತು. ಗೆರೆ ಹೇಳು. ನಮಗೆ ಬೇಕಾದ್ದು ಗೆರೆ. ಸೊಂಟ ಎಲ್ಲಿ, ಭುಜ ಎಲ್ಲಿ, ಕೊರಳು ಎಷ್ಟು ಎತ್ತರ.

ಮಗಳು: ಕೋಟು ಕಡುನೀಲಿ ಇಲ್ಲ ಕಪ್ಪು. ಮುಂದೆ ಸೊಂಟಕ್ಕೇ ಅಡ್ಡ ಕತ್ತರಿಸಿದ ಹಾಗೆ ನಿಲ್ಲುತ್ತೆ. ಹಿಂದೆ ಮಾತ್ರ ಮೊಣಕಾಲಿನ ತನಕ ಬಾಲ. ಕಾಲರು ಕಿವಿಯ ಹತ್ತಿರದವರೆಗೆ ಎದ್ದು ನಿಂತಿರುತ್ತೆ. ಒಳಗೆ ಬಿಳಿ ವೇಸ್ಟ್‌ಕೋಟು, ಅದರ ಅಂಚು ಕೋಟಿನ ಕೆಳಗೆ ಒಂದು ಬೆರಳು ಕಾಣುತ್ತೆ. ಕೊರಳಿಗೆ ಬಿಳೀ ಬಟ್ಟೆ ಸುತ್ತಿ ಮುಂದೆ ಗಂಟು. ಕೆಳಗೆ ತಿಳಿ ಬಣ್ಣದ ಬಿಗಿ ಪ್ಯಾಂಟು.

ದೊಡ್ಡಪ್ಪ: ಎಲ್ಲ ಕೈಹೊಲಿಗೆ?

ಮಗಳು: ಎಲ್ಲ ಕೈಹೊಲಿಗೆ. ಸಿಂಗರ್ ಮಿಷನ್ ಬಂದದ್ದು 1851ರಲ್ಲಿ.

ದೊಡ್ಡಪ್ಪ: ಭೇಷ್. ಹಾಗಾದ್ರೆ ಆ ದರ್ಜಿಯೂ ನಮ್ಮ ಅಪ್ಪನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು ಸೂಜಿ ಎಳೆದವನೇ. ಕೇಳು, ಇರೋ ಬಟ್ಟೆಯನ್ನೇ ಮಾರ್ಪಡಿಸಬೇಕು. ಬ್ಲೇಜರಿನಲ್ಲಿ ನಿನ್ನ ಬಾಲದ ಕೋಟು ಆಗೋದಿಲ್ಲ. ಉದ್ದ ಸಾಲದು, ಕಾಲರು ಮಲಗಿರ್ತದೆ. ಮದುವೆ ರಿಸೆಪ್ಷನ್ನಿಗೆ ಹೊಲಿಸಿ ಒಂದೇ ಸಲ ಹಾಕಿದ ಸೂಟು ಊರಲ್ಲಿ ಮನೆಗೊಂದು ಬೀರುವಿನಲ್ಲಿ ತೂಗಾಡ್ತಿದೆ, ಕೇಳಿದ್ರೆ ಪುಕ್ಕಟೆ ಕೊಡ್ತಾರೆ. ಆದ್ರೂ ಅದು ಬೇಡ. ಶೇರ್ವಾನಿ ಹುಡುಕು.

ಮಗಳು: ಶೇರ್ವಾನಿನಾ?

ದೊಡ್ಡಪ್ಪ: ಯಾಕೆ ನಗ್ತೀಯ? ನಿಂತ ಕಾಲರು ಇದೆ. ಮೊಣಕಾಲಿನ ತನಕ ಉದ್ದ ಇದೆ. ಸೊಂಟದ ಹತ್ರ ಒಳಗೆ ತಗೊಂಡಿರ್ತಾರೆ. ಮುಂದಿನ ಎರಡು ಎಲೆ ಸೊಂಟಕ್ಕೆ ಕತ್ತರಿಸಿದ್ರೆ ಹಿಂದೆ ಉಳಿಯೋದೇ ನಿನ್ನ ಬಾಲ. ಕಸೂತಿ, ಮಣಿ ಇಲ್ಲದ ಸಾದಾ ಶೇರ್ವಾನಿ ಸಿಗೋದೊಂದೇ ಕಷ್ಟ. ಈಗಿನವು ಥಳಥಳ ಹೊಳೀತವೆ. ಆ ಪಾಲಿಯೆಸ್ಟರ್ ಹೊಳಪು ಸ್ಟೇಜ್ ಲೈಟಿಗೆ ಮೀನಿನ ಹೊಟ್ಟೆ ಆಗ್ತದೆ.

ಮಗಳು: ಸಂತೆಯಲ್ಲಿ ರಾಶಿ ಹಾಕಿರ್ತಾರಲ್ಲ ಹಳೇ ಬಟ್ಟೆ, ಅದರಲ್ಲಿ ಸಿಗಲ್ವಾ?

ದೊಡ್ಡಪ್ಪ: ಸಂತೆಗಿಂತ ಸ್ಟೀಲ್ ಪಾತ್ರೆಯವರನ್ನ ಹಿಡಿ. ಹಳೇ ಬಟ್ಟೆ ತಗೊಂಡು ಡಬರಿ, ಬೋಸಿ ಕೊಡೋ ಹೆಂಗಸರು. ಅವರ ಗಂಟಿನಲ್ಲಿ ಇಲ್ಲದ್ದಿಲ್ಲ. ನಾವು ಎಷ್ಟೋ ನಾಟಕದ ಸೀರೆಗಳನ್ನ ಅವರ ಗಂಟಿನಿಂದಲೇ ಆರಿಸಿದ್ದು. ಗಂಟು ಬಿಚ್ಚಿದಾಗ ಒಂದು ದಾರ ಎಳೆದು ಕಡ್ಡಿ ಗೀರಿ ನೋಡು. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದ್ರೆ ಹತ್ತಿ. ಕೂದಲು ಸುಟ್ಟ ಹಾಗಿದ್ರೆ ಉಣ್ಣೆ ಇಲ್ಲಾ ರೇಷ್ಮೆ. ಕರಗಿ ತುದೀಲಿ ಗಟ್ಟಿ ಗುಂಡಾಯ್ತೋ, ವಾಪಸ್ ಗಂಟಿಗೆ ಹಾಕು.

ಮಗಳು: ಬೆಂಗಳೂರಿನ ಸಂಡೆ ಬಜಾರಿಗೇ ಹೋಗಿಬರೋಣ ಅಂದುಕೊಂಡಿದ್ದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಎಲ್ಲ ಸಿಗುತ್ತಂತೆ.

ದೊಡ್ಡಪ್ಪ: ರೈಲಿನ ಚಾರ್ಜಿಗೆ ಇಲ್ಲಿ ಇಡೀ ನಾಟಕ ಆಗ್ತದೆ. ಒಂದು ಮಾತು ಹೇಳ್ತೀನಿ, ಒಳಗೆ ಟ್ರಂಕಿನಲ್ಲಿ ನಿಮ್ಮ ಮುತ್ತಜ್ಜನ ಉದ್ದ ಕೋಟಿದೆ. ಮೈಸೂರು ಸರ್ಕಾರದ ಕಾಲದಲ್ಲಿ ಕಚೇರಿಗೆ ಹೋಗುವಾಗ ಪೇಟ ಸುತ್ತಿ, ಕಚ್ಚೆಪಂಚೆ ಮೇಲೆ ಹಾಕೋರಲ್ಲ, ಅದು. ಕಪ್ಪು ಉಣ್ಣೆ, ಮುಚ್ಚಿದ ಕೊರಳು. ನುಸಿ ಹಿಡಿದಿಲ್ಲ, ವರ್ಷವರ್ಷ ಬೇವಿನೆಲೆ ಹಾಕಿ ಇಟ್ಟಿದೀನಿ.

ಮಗಳು: ಅದನ್ನ ಕತ್ತರಿಸ್ತೀರಾ?

ದೊಡ್ಡಪ್ಪ: ಕತ್ತರಿ ಮುಟ್ಟಿಸಿದ್ರೆ ನನ್ನ ಕೈ ಬಿದ್ದುಹೋಗ್ಲಿ. ಮಡಿಸ್ತೀನಿ. ಮುಂದಿನ ಎಲೆ ಎರಡನ್ನೂ ಸೊಂಟದಿಂದ ಹಿಂದಕ್ಕೆ ಮಗುಚಿ, ಬಾಲದ ಒಳಮೈಗೆ ಕಚ್ಚಾ ಹೊಲಿಗೆ ಹಾಕಿದ್ರೆ ಆಯ್ತು. ನಾಟಕ ಮುಗಿದ ಮೇಲೆ ದಾರ ಎಳೆದ್ರೆ ಮುತ್ತಜ್ಜ ವಾಪಸ್.

ಮಗಳು: ದೊಡ್ಡಪ್ಪ, ಆ ಬಾಲ ಹುಟ್ಟಿದ್ದೇ ಹಾಗೆ! ಮೊದಲು ಅವರ ಕೋಟು ಸುತ್ತಲೂ ಉದ್ದವಾಗೇ ಇತ್ತು. ಕುದುರೆ ಹತ್ತೋಕೆ ಅಡ್ಡಿಯಾಗುತ್ತೆ ಅಂತ ಮುಂದಿನ ಎಲೆಗಳನ್ನ ಹಿಂದಕ್ಕೆ ಮಡಿಸಿ ಗುಂಡಿ ಹಾಕ್ತಿದ್ದರು. ಆಮೇಲಾಮೇಲೆ ಆ ಭಾಗವನ್ನ ಕತ್ತರಿಸಿಯೇ ಹೊಲಿಯೋಕೆ ಶುರುಮಾಡಿದರು.

ದೊಡ್ಡಪ್ಪ: ನೋಡು ಮತ್ತೆ. ಬಟ್ಟೆ ತಾನೇ ಹೇಳ್ತದೆ ಕಣವ್ವ, ಕೇಳಿಸ್ಕೊಬೇಕು ಅಷ್ಟೆ. ಕೊರಳಿನ ಬಟ್ಟೆಗೆ ಏನು ಮಾಡ್ತೀಯ?

ಮಗಳು: ಲಂಡನ್ನಿನಲ್ಲಿ ಬ್ರಮ್ಮೆಲ್ ಅಂತ ಒಬ್ಬ ಶೋಕೀಲಾಲ ಇದ್ದ. ರಾಜಕುಮಾರನಿಗೇ ಬಟ್ಟೆಯ ಗುರು. ಜರಿ, ರೇಷ್ಮೆ, ಬಣ್ಣ ಎಲ್ಲ ಬಿಟ್ಟು ಸಾದಾ ಕಡುಬಣ್ಣದ ಕೋಟು, ಗಂಜಿ ಹಾಕಿದ ಬಿಳೀ ಕೊರಳಬಟ್ಟೆ ಅಂತ ಹೊಸ ರೂಢಿ ತಂದವನು. ಕಡೆಗೆ ಸಾಲ ತಲೆ ಮೇಲೆ ಬಂದು 1816ರಲ್ಲಿ ಫ್ರಾನ್ಸಿಗೆ ಓಡಿಹೋದ. ಇತ್ತ ಕಿತ್ತೂರಿನಲ್ಲಿ ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ ತೀರಿಕೊಂಡ ವರ್ಷವೂ ಅದೇ.

ದೊಡ್ಡಪ್ಪ: ಗಂಜಿಯಲ್ಲೇ ಇಷ್ಟು ದೊಡ್ಡ ಮನುಷ್ಯನಾದ್ನಾ! ಹಳೇ ಮಲ್ ಪಂಚೆಯಿಂದ ಗೇಣಗಲ, ನಾಲ್ಕು ಮೊಳ ಉದ್ದ ಹರಿದು ಕೊಡ್ತೀನಿ. ಮನೇಲಿ ಅನ್ನ ಬಸಿದ ಗಂಜಿ ಇದೆ. ಇನ್ನೂ ಹಸಿ ಇರುವಾಗಲೇ ಇಸ್ತ್ರಿ ಹಾಕು, ತಗಡಿನ ಹಾಗೆ ನಿಲ್ಲುತ್ತೆ. ಹುಡುಗ ಕತ್ತು ಬಗ್ಗಿಸೋಕಾಗದೆ ತಾನೇ ತಾನಾಗಿ ದರ್ಪದಿಂದ ನಿಲ್ತಾನೆ, ನೀನು ನಟನೆ ಹೇಳಿಕೊಡೋದೇ ಬೇಡ.

ಮಗಳು: ಪ್ಯಾಂಟಿಗೆ ಮಕ್ಕಳ ಶನಿವಾರದ ಬಿಳಿ ಯೂನಿಫಾರಂ ಸಾಕಲ್ಲ?

ದೊಡ್ಡಪ್ಪ: ಸಾಕು, ಕಾಲು ಬಿಗಿ ಮಾಡಿಕೊಡ್ತೀನಿ. ಮುಂದೆ ಜಿಪ್ ಕಾಣಬಾರದಲ್ಲ?

ಮಗಳು: ಜಿಪ್ ಇಪ್ಪತ್ತನೇ ಶತಮಾನದ್ದು. ಅವರದ್ದು ಹೊಟ್ಟೆ ಮೇಲೆ ಅಗಲವಾದ ಒಂದು ಮುಚ್ಚುಪಟ್ಟಿ, ಎರಡೂ ತುದಿಗೆ ಗುಂಡಿ.

ದೊಡ್ಡಪ್ಪ: ಅದೇ ಬಿಳಿ ಬಟ್ಟೆಯ ಪಟ್ಟಿ ಮೇಲೆ ಕೂರಿಸಿ ನಾಲ್ಕು ಹಿತ್ತಾಳೆ ಗುಂಡಿ ಹಾಕಿದ್ರೆ ಮುಗೀತು, ಒಳಗೆ ಜಿಪ್ ಇದ್ದದ್ದು ಇರಲಿ. ಗುಂಡಿಗೆ ಅಂಗಡಿಗೆ ಹೋಗಬೇಡ, ಬ್ಯಾಂಡಿನ ಕೋಟಿನಿಂದಲೇ ಬಿಚ್ಚಿಕೊಳ್ಳೋಣ. ಅಂದಹಾಗೆ ಆ ಕೆಂಪು ಕೋಟು ಸಿಪಾಯಿಗಳಿಗೆ ಸರಿ ಅಂದೆ. ನಿಜವಾಗ್ಲೂ ಸರೀನಾ, ಇಲ್ಲಾ ನನ್ನ ಮನಸ್ಸು ನೋಯಬಾರದು ಅಂತಲಾ?

ಮಗಳು: ಅರ್ಧ ಸರಿ. ಕಂಪನಿಯ ಕಾಲಾಳುಗಳದು ಕೆಂಪೇ. ಆದ್ರೆ ಅವತ್ತು ಥ್ಯಾಕರೆ ಜೊತೆ ಕ್ಯಾಪ್ಟನ್ ಬ್ಲ್ಯಾಕ್ ತಂದಿದ್ದದ್ದು ಮದ್ರಾಸಿನ ಕುದುರೆ ತೋಪಿನ ದಳ. ಅವರದು ನೀಲಿ ಜಾಕೆಟ್ಟು.

ದೊಡ್ಡಪ್ಪ: ಅಷ್ಟು ದೂರ ಹೋಗಬೇಡ. ಕೆಂಪು ಕಾಣದಿದ್ರೆ ಜನ ಇಂಗ್ಲಿಷರು ಬಂದರು ಅಂತಲೇ ತಿಳಿಯೋದಿಲ್ಲ. ಕಂಪನಿ ನಾಟಕದ ಕಾಲದಿಂದ ರೂಢಿ ಆಗಿದೆ. ಆಗ ಹರಿಶ್ಚಂದ್ರ ಸುಡುಗಾಡಿಗೆ ಹೋಗೋ ತನಕ ಮಖಮಲ್ ನಿಲುವಂಗಿ ಬಿಚ್ಚುತ್ತಿರಲಿಲ್ಲ. ರಾಮನಿಗೂ ಅದೇ, ಟಿಪ್ಪುವಿಗೂ ಅದೇ. ಈಚೆಗೆ ಸಾಣೇಹಳ್ಳಿಯ ಶಿವಸಂಚಾರದ ನಾಟಕ ನೋಡಿ ನನ್ನ ಕಣ್ಣು ಸ್ವಲ್ಪ ಬದಲಾಯ್ತು. ಹತ್ತಿ ಬಟ್ಟೆ ಮೇಲೆ ಒಂದು ಶಲ್ಯ ಬದಲಾಯಿಸಿ ಪಾತ್ರ ಬದಲಾಯಿಸಿಬಿಡ್ತಾರೆ.

ಮಗಳು: ನಾನು ಹೇಳೋದೂ ಅದನ್ನೇ ದೊಡ್ಡಪ್ಪ. ದುಡ್ಡಿದ್ದವರು ಸೇರಿಸ್ತಾ ಹೋಗ್ತಾರೆ, ಇಲ್ಲದವರು ತೆಗೀತಾ ಹೋಗಬೇಕು. ಆ ಕಾಲಕ್ಕೆ ಸೇರದ್ದನ್ನ ತೆಗೆದರೆ ಉಳಿಯೋದು ಕಾಲರು, ಸೊಂಟ, ಬಾಲ. ಅಷ್ಟು ಇದ್ದರೆ ಥ್ಯಾಕರೆ ಬಂದ.

ದೊಡ್ಡಪ್ಪ: ಆ ಮನುಷ್ಯನ ಪಟ ಎಲ್ಲಾದ್ರೂ ನೋಡಿದೀಯಾ?

ಮಗಳು: ಅವನದ್ದು ನೋಡಿಲ್ಲ. ಆದ್ರೆ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗನೇ ದೊಡ್ಡ ಕಾದಂಬರಿಕಾರ ಥ್ಯಾಕರೆ. ಹುಟ್ಟಿದ್ದು ಕಲ್ಕತ್ತೆಯಲ್ಲಿ, 1811ರಲ್ಲಿ, ರೀಜೆನ್ಸಿ ಶುರುವಾದ ವರ್ಷವೇ. ಅವನ 'ವ್ಯಾನಿಟಿ ಫೇರ್' ಕಾದಂಬರಿ ನಡೆಯೋದು ವಾಟರ್ಲೂ ಯುದ್ಧದ ಹೊತ್ತಿನಲ್ಲಿ. ಅದರ ಚಿತ್ರಗಳನ್ನೂ ತಾನೇ ಬರೆದ. ಬರೆಯುವಾಗ, ಆ ಕಾಲದ ಬಟ್ಟೆ ತೀರಾ ವಿಕಾರ, ನನ್ನ ನಾಯಕ ನಾಯಕಿಯರಿಗೆ ಅದನ್ನ ತೊಡಿಸೋಕೆ ಮನಸ್ಸೊಪ್ಪಲ್ಲ ಅನ್ನೋ ಅರ್ಥದಲ್ಲಿ ಅಡಿಟಿಪ್ಪಣಿ ಹಾಕಿ, 1840ರ ದಶಕದ ಬಟ್ಟೆಯನ್ನೇ ತೊಡಿಸಿಬಿಟ್ಟ.

ದೊಡ್ಡಪ್ಪ: ಅಯ್ಯೋ, ಅವನ ಸ್ವಂತ ಮಗನೇ ಹಾಗೆ ಮಾಡಿದಮೇಲೆ ಬುಕ್ಕಾಂಬುಧಿಯ ಹೈಸ್ಕೂಲಿಗೆ ಯಾಕಮ್ಮ ಇಷ್ಟು ಮಡಿ?

ಮಗಳು: ಅಣ್ಣತಮ್ಮನ ಮಗ, ಸ್ವಂತ ಮಗ ಅಲ್ಲ. ಅವನಿಗೆ ಓದುಗರನ್ನ ಮೆಚ್ಚಿಸಬೇಕಿತ್ತು. ನನಗೆ ಮಕ್ಕಳಿಗೆ ಕಾಲ ತೋರಿಸಬೇಕು.

ದೊಡ್ಡಪ್ಪ: ಹೂಂ. ಬೂಟು?

ಮಗಳು: ಮೊಣಕಾಲಿನ ತನಕ ಬರೋ ಕಪ್ಪು ಬೂಟು. ಅದೊಂದು ಸಿಗೋದೇ ಕಷ್ಟ ಅನ್ನಿಸುತ್ತೆ.

ದೊಡ್ಡಪ್ಪ: ಅಡಿಕೆ ತೋಟಕ್ಕೆ ಹಾಕ್ಕೊಂಡು ಹೋಗೋ ಗಮ್‌ಬೂಟು ಮನೆಮನೇಲಿದೆಯಲ್ಲ!

ಮಗಳು: ನೀವು ತಮಾಷೆಗೆ ಅಂದಿರಬಹುದು. ಅದಕ್ಕೆ ಇಂಗ್ಲಿಷಿನಲ್ಲಿ ವೆಲ್ಲಿಂಗ್ಟನ್ ಬೂಟು ಅಂತಲೇ ಹೆಸರು. ವಾಟರ್ಲೂ ಗೆದ್ದ ವೆಲ್ಲಿಂಗ್ಟನ್ ತನ್ನ ಚಮ್ಮಾರನಿಗೆ ಹೇಳಿ, ಆಗಿನ ಕುಚ್ಚಿನ ಬೂಟನ್ನ ಸರಳ ಮಾಡಿಸಿದ. ಆಗ ಅದು ತೊಗಲಿನದು, ರಬ್ಬರಿಗೆ ಬಂದದ್ದು ಆಮೇಲೆ. ಆಕಾರ ಮಾತ್ರ ಅದೇ ಕಾಲದ್ದು.

ದೊಡ್ಡಪ್ಪ: ವೆಲ್ಲಿಂಗ್ಟನ್ ಅಂದ್ರೆ ನಮ್ಮ ಚನ್ನಗಿರಿಯ ಧೋಂಡಿಯಾ ವಾಘನನ್ನ ಅಟ್ಟಿಸಿಕೊಂಡು ಹೋದವನಲ್ಲವಾ? ಅಜ್ಜಂಪುರದ ಅಮೃತಮಹಲ್ ಕಾವಲಿನವರು ಈಗಲೂ ವೆಲ್ಲಿಂಗ್ಟನ್ ಹೆಸರು ಹೇಳ್ತಾರೆ. ತೋಪು ಎಳೆದದ್ದು ನಮ್ಮ ತಳಿಯ ಎತ್ತು ಅಂತ.

ಮಗಳು: ಅವನೇ. ಆಗಿನ್ನೂ ಕರ್ನಲ್ ವೆಲ್ಲೆಸ್ಲಿ. ಧೋಂಡಿಯಾ ಸತ್ತದ್ದು 1800ರ ಸೆಪ್ಟೆಂಬರಿನಲ್ಲಿ. ಅಮೃತಮಹಲ್ ಎತ್ತುಗಳ ಓಟವನ್ನ ವೆಲ್ಲೆಸ್ಲಿ ಬಾಯ್ತುಂಬ ಹೊಗಳಿದ್ದಾನೆ.

ದೊಡ್ಡಪ್ಪ: ಎತ್ತು ನಮ್ಮದು, ಗಮ್‌ಬೂಟು ಅವನದ್ದು. ಹೊಳಪು ಹೋಗೋ ಹಾಗೆ ಮರಳುಕಾಗದ ತಿಕ್ಕಿ ಚೆರ್ರಿ ಪಾಲಿಷ್ ಹಾಕಿಬಿಡು. ಆದ್ರೆ ನನಗೊಂದು ಬೇಜಾರಿದೆ. ಯಾವಾಗ ನೋಡಿದ್ರೂ ಕಿತ್ತೂರು. 1830ರ ನಗರ ಸೀಮೆಯ ದಂಗೆಯಲ್ಲಿ ನಮ್ಮ ತರೀಕೆರೆ ಪಾಳೇಗಾರರೂ ಎದ್ದು ನಿಂತಿದ್ದರಲ್ಲ, ಅದನ್ನ ಯಾರೂ ಆಡೋದಿಲ್ಲ.

ಮಗಳು: ನಾಟಕ ಬರೆದವರಿಲ್ಲ. ಚೆನ್ನಮ್ಮನಿಗೆ 1961ರಲ್ಲಿ ಬಿ.ಆರ್. ಪಂತುಲು ಸಿನಿಮಾ ಮಾಡಿದರು, ಅದರಲ್ಲಿ ಸರೋಜಾದೇವಿ ಆಡಿದ ಕಪ್ಪದ ಮಾತು ಮಕ್ಕಳಿಗೆಲ್ಲ ಬಾಯಿಪಾಠ. ಮುಂದಿನ ವರ್ಷ ತರೀಕೆರೆಯದು ನಾನೇ ಬರೀತೀನಿ. ಬಟ್ಟೆ ಹೇಗೂ ಇದ್ದೇ ಇರುತ್ತೆ, ಆರೇ ವರ್ಷದ ಅಂತರ. ಈಗ ದೊರೆಸಾನಿಯರ ವಿಷಯ.

ದೊಡ್ಡಪ್ಪ: ಕಿತ್ತೂರಿನ ನಾಟಕದಲ್ಲಿ ದೊರೆಸಾನಿ ಎಲ್ಲಿಂದ ಬಂದಳು?

ಮಗಳು: ಮೂರು ಹುಡುಗಿಯರಿಗೆ ಪಾತ್ರ ಸಿಗದೆ ಅಳ್ತಾ ಇದ್ದರು. ಧಾರವಾಡದ ಬಂಗಲೆಯ ಒಂದು ದೃಶ್ಯ ಕಟ್ಟಿ ಸೇರಿಸಿದೀನಿ. ಕಲ್ಪನೆ ಅಂತ ನಿರೂಪಕನ ಬಾಯಲ್ಲೇ ಹೇಳಿಸ್ತೀನಿ. ಗೌನಿನ ಸೊಂಟ ಎದೆಯ ಕೆಳಗೇ ಇರುತ್ತೆ, ಅಲ್ಲಿಂದ ಕೆಳಕ್ಕೆ ಸೀದಾ. ತೋಳು ಪುಗ್ಗೆ. ಬಟ್ಟೆ ತೆಳ್ಳನೆ ಬಿಳಿ ಮಸ್ಲಿನ್. ಅದರಲ್ಲಿ ಅತಿ ನಯವಾದದ್ದಕ್ಕೆ ಢಾಕಾ ಹೆಸರಾಗಿತ್ತು.

ದೊಡ್ಡಪ್ಪ: ಹಾಗಾದ್ರೆ ಮಲ್ ಪಂಚೆ ಆಯ್ತಲ್ಲ! ಎರಡು ಹಳೇ ಪಂಚೆಗೆ ಒಂದು ಗೌನು. ಅಂಚಿನ ಬಣ್ಣದ ಗೆರೆ ಒಳಗೆ ಮಡಿಸ್ತೀನಿ, ಇಲ್ಲದಿದ್ರೆ ದೊರೆಸಾನಿ ಪಂಚೆ ಉಟ್ಟ ಹಾಗೆ ಕಾಣ್ತಾಳೆ. ಎದೆ ಕೆಳಗೆ ಲಾಡಿ ಹಾಕಿದ್ರೆ ಮೂರು ಅಳತೆಯ ಹುಡುಗಿಯರಿಗೂ ಒಂದೇ ಕಟಿಂಗು. ಒಳಗೆ ಮಾತ್ರ ಲಂಗ ಹಾಕಿಸು, ಲೈಟಿಗೆ ಮಲ್ ಬಟ್ಟೆ ಏನನ್ನೂ ಮುಚ್ಚಿಡೋದಿಲ್ಲ.

ಮಗಳು: ಮೇಲೆ ಕಾಶ್ಮೀರಿ ಶಾಲು ಹೊದೀತಿದ್ದರು, ಮಾವಿನಕಾಯಿ ಅಂಚಿನದ್ದು. ಅದಕ್ಕೆ ಎಷ್ಟು ಗಿರಾಕಿ ಅಂದ್ರೆ, ಸ್ಕಾಟ್ಲೆಂಡಿನ ಪೈಸ್ಲಿ ಊರಿನವರು ಅದರ ನಕಲು ನೇಯ್ದೇ ಹೆಸರು ಮಾಡಿದರು.

ದೊಡ್ಡಪ್ಪ: ನಮ್ಮ ಮಾಜಿ ಮೆಂಬರ ಮನೆಗೆ ಹೋಗು. ಸನ್ಮಾನದ ಶಾಲು ಅಟ್ಟದ ತನಕ ಇವೆ. ಒಂದನ್ನೂ ಬಿಚ್ಚಿಲ್ಲ. ಅವರಿಗೂ ಒಂದು ಉಪಯೋಗಕ್ಕೆ ಬಂತು ಅನ್ನೋ ಸಮಾಧಾನ ಆಗ್ಲಿ.

ಮಗಳು: ಕೈಗೆ ಪುಟ್ಟ ಚೀಲ ಬೇಕು, ಬಾಯಿಗೆ ದಾರ ಎಳೆಯೋ ಥರದ್ದು. ಗೌನು ತೆಳು ಆದ್ದರಿಂದ ಜೇಬು ಹಾಕೋಕಾಗದೆ ಆ ಚೀಲ ಹಿಡಿಯೋಕೆ ಶುರುಮಾಡಿದರು.

ದೊಡ್ಡಪ್ಪ: ಎಲೆಅಡಿಕೆ ಸಂಚಿ. ನಿಮ್ಮ ದೊಡ್ಡಮ್ಮನ ಹತ್ರ ಇದೆ, ಒಗೆದು ಕೊಡೋಕೆ ಹೇಳ್ತೀನಿ. ಸುಣ್ಣದ ಕಲೆ ಹೋಗೋದು ಅನುಮಾನ. ಚೆನ್ನಮ್ಮನಿಗೆ?

ಮಗಳು: ಇಳಕಲ್ ಸೀರೆ. ಕಚ್ಚೆ ಹಾಕಬೇಕು, ಒಂಬತ್ತು ಗಜದ್ದೇ ಬೇಕು.

ದೊಡ್ಡಪ್ಪ: ಎರಡು ಹಳೇ ಸೀರೆ ಜೋಡಿಸಿ ಕೊಡ್ತೀನಿ, ಜೋಡು ಕಚ್ಚೆಯೊಳಗೆ ಮುಚ್ಚಿಹೋಗ್ತದೆ. ಬಣ್ಣ ಯಾವುದಾದ್ರೂ ಆಗ್ತದಾ?

ಮಗಳು: ಮಿಂಚೋ ಗುಲಾಬಿ, ಗಿಳಿಹಸಿರು ಬೇಡ. ಕಾರ್ಖಾನೆ ಬಣ್ಣ ಮೊದಲು ಬಂದದ್ದು 1856ರಲ್ಲಿ. ಅದಕ್ಕೆ ಮುಂಚೆ ನೀಲಿ, ಮಂಜಿಷ್ಠದ ಕೆಂಪು, ಅರಿಸಿನದ ಛಾಯೆ, ಇಂಥವೇ ಹೆಚ್ಚು.

ದೊಡ್ಡಪ್ಪ: ಹಳೇ ಸೀರೆ ಒಗೆದು ಒಗೆದು ಆ ಛಾಯೆಗೇ ಬಂದಿರ್ತಾವೆ ಬಿಡು. ಸರಿ, ಥ್ಯಾಕರೆ ಪಾತ್ರದ ಹುಡುಗನ್ನ ನಾಳೆ ಕಳಿಸು, ಅಳತೆ ತಗೋಬೇಕು. ಬೀಳೋ ಪಾತ್ರ ಅವನದು, ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡಬೇಕು. ಎಲ್ಲಿಗೆ ಗುಂಡು ಬೀಳೋದು?

ಮಗಳು: ಎದೆಗೆ. ಕುಂಕುಮದ ನೀರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಳಗಿಡೋಣ ಅಂತ.

ದೊಡ್ಡಪ್ಪ: ಏನು, ಮುತ್ತಜ್ಜನ ಕೋಟಿನ ಮೇಲೆ ಕುಂಕುಮದ ನೀರಾ?

ಮಗಳು: ಗುಂಡಿ ಬಿಚ್ಚಿಕೊಂಡೇ ಬರ್ತಾನೆ ದೊಡ್ಡಪ್ಪ, ಕಲೆ ವೇಸ್ಟ್‌ಕೋಟಿಗೆ ಆಗುತ್ತೆ. ಅದು ನಮ್ಮ ಪಂಚೆಯದ್ದೇ ತಾನೆ.

ದೊಡ್ಡಪ್ಪ: ಹಾಗಾದ್ರೆ ವೇಸ್ಟ್‌ಕೋಟು ಎರಡು ಹೊಲೀತೀನಿ. ರಿಹರ್ಸಲ್ಲಿನಲ್ಲಿ ಕವರ್ ಮೊದಲೇ ಒಡೆದುಕೊಳ್ಳೋ ಪೈಕಿ ಆ ಹುಡುಗ. ಬರುವಾಗ ಬೂಟು ಹಾಕ್ಕೊಂಡೇ ಬರಲಿ, ಪ್ಯಾಂಟಿನ ಉದ್ದ ಅದರ ಮೇಲೇ ನೋಡಬೇಕು.